ಮರುಳಪ್ಪ ಕೊಂಡ ಡಬ್ಬಿ

ನಮ್ಮೂರಲ್ಲಿ ದನಿ ಒಂದು ಮೊಳಕ್ಕಿಂತ ಆಚೆ ಹೋಗುವುದಿಲ್ಲ. ಬಾಯಿಂದ ಹೊರಟ ಮಾತು ಮೊಳದುದ್ದ ನಡೆದು ಅಲ್ಲೇ ಕೂತುಬಿಡುತ್ತದೆ. ಹೊಳೆಯ ಸೇತುವೆ ದಾಟಿದರೆ ಲೋಕ ಎಲ್ಲ ಕಡೆಯ ಹಾಗೇ ಗದ್ದಲದಿಂದ ತುಂಬಿದೆ; ಈಚೆ ಮಾತ್ರ ಹೀಗೆ. ಹುಟ್ಟಿದಾಗಿನಿಂದ ಇಲ್ಲೇ ಇರುವ ನಮಗೆ ಇದರಲ್ಲಿ ವಿಶೇಷವೇನೂ ಕಾಣುವುದಿಲ್ಲ. ನಾಯಿಗಳು ತಮ್ಮ ಸಮಾಧಾನಕ್ಕೆ ಬೊಗಳಿಕೊಳ್ಳುತ್ತವೆ. ಹೆಂಗಸರು ಕುಕ್ಕರಿನ ನೆತ್ತಿಯಿಂದ ಏಳುವ ಆವಿ ನೋಡಿ ಸೀಟಿ ಎಣಿಸುತ್ತಾರೆ. ಓಟು ಕೇಳಲು ಬಂದವರು ವೇದಿಕೆಯ ಮೇಲೆ ಬಾಯಿ ಮುಚ್ಚಿದ ಕೂಡಲೇ ನಾವು ಚಪ್ಪಾಳೆ ತಟ್ಟುತ್ತೇವೆ. ಅವರ ಮಾತು ನಮಗೆ ಕೇಳಿಸಿರುವುದಿಲ್ಲ, ನಮ್ಮ ಚಪ್ಪಾಳೆ ಅವರಿಗೆ ಕೇಳಿಸುವುದಿಲ್ಲ. ಯಾರಿಗೂ ನಷ್ಟವಿಲ್ಲ.

ಪಕ್ಕದಲ್ಲಿದ್ದವರೊಡನೆ ಕಿವಿಗೆ ಬಾಯಿಟ್ಟು ಮಾತಾಡುತ್ತೇವೆ. ದೂರದ ಮಾತಿಗೆ ತಂತಿ. ಪ್ರತಿ ಮನೆಯಲ್ಲೂ ಅಡುಗೆಮನೆಯಿಂದ ಪಡಸಾಲೆಗೆ ಒಂದು ತಂತಿ ಇದ್ದೇ ಇರುತ್ತದೆ. ಆ ತುದಿಗೆ ಒಂದು ಮೈಕು, ಈ ತುದಿಗೆ ದನಿ ಹಿಗ್ಗಿಸುವ ಡಬ್ಬಿ, ಡಬ್ಬಿಗೆ ಹೆಡ್‌ಫೋನು. ಅಂಗಡಿಯವರು ಅದನ್ನು ಆಂಪ್ಲಿಫೈಯರ್ ಎನ್ನುತ್ತಾರೆ, ನಾವು ಡಬ್ಬಿ ಎನ್ನುತ್ತೇವೆ. ಗಂಡಸಿರಲಿ ಹೆಂಗಸಿರಲಿ, ಕೊರಳಲ್ಲಿ ಡಬ್ಬಿ ಇಲ್ಲದೆ ಹೊರಗೆ ಹೊರಟರೆ ಹಲ್ಲುಜ್ಜದೆ ಹೊರಟ ಹಾಗೆ ನೋಡುತ್ತಾರೆ. ಮನೆಗೆ ಬಂದವರಿಗೆ ನೀರು ಕೊಡುವ ಮುಂಚೆ, ಅವರ ಹೆಡ್‌ಫೋನು ಸಿಕ್ಕಿಸಲು ಡಬ್ಬಿಯ ಎರಡನೆಯ ತೂತು ಕೊಡುವುದು ಮರ್ಯಾದೆ. ಎರವಲು ಮಾತ್ರ ಕೊಡುವುದಿಲ್ಲ. ಅದು ಕಟ್ಟಿಸಿದ ಹಲ್ಲಿನ ಸೆಟ್ಟನ್ನು ಎರವಲು ಕೊಟ್ಟ ಹಾಗೆ.

ತಂತಿಯಲ್ಲಿ ಮಾತು ಒಂದೇ ದಿಕ್ಕಿಗೆ ಹೋಗುವುದರಿಂದ ಕೇಳಿದವರು ಉತ್ತರಕ್ಕೆ ತಂತಿಯನ್ನೇ ಜಗ್ಗುತ್ತಾರೆ. ಒಂದು ಸಲ ಜಗ್ಗಿದರೆ ಕೇಳಿಸಿತು ಎಂದು. ಎರಡು ಸಲ ಜಗ್ಗಿದರೆ ಒಪ್ಪಿದೆ ಎಂದು. ಎರಡು ಸಲ ಜಗ್ಗುವುದು ನಮ್ಮಲ್ಲಿ ವೀಳ್ಯ ಬದಲಾಯಿಸಿದಷ್ಟು ಗಟ್ಟಿ. ಜಗ್ಗಿದ ಮೇಲೆ ಜಾರುವ ಹಾಗಿಲ್ಲ ಎಂದು ನಮ್ಮೂರಲ್ಲಿ ಎಳೆ ಮಕ್ಕಳಿಗೂ ಹೇಳಿಕೊಡುತ್ತಾರೆ. ಈ ಮಾತನ್ನು ನಮ್ಮ ಮರುಳಪ್ಪ ಮರೆತ. ಅವನ ಹೆಸರೇ ಹಾಗೆ, ಏನು ಮಾಡುವುದು.

ಮರುಳಪ್ಪ ನನ್ನ ಪಕ್ಕದ ಮನೆಯವನು, ಚಿಕ್ಕಂದಿನ ಗೆಳೆಯ. ಗಡಿಯಾರ ಕಂಬದ ಮೇಲೆ ನಿಂತು ಗಂಟೆ ಹೊಡೆಯುವುದು ಅವನ ಕೆಲಸ. ಗಂಟೆಯ ಸದ್ದು ಊರಿಗೆ ಕೇಳಿಸುವುದಿಲ್ಲ, ಅಷ್ಟೂ ಅವನ ಕಿವಿಗೇ ಹೋಗುತ್ತದೆ. ಜನ ಕೆಳಗಿನಿಂದ ಅವನ ಕೈ ಎಷ್ಟು ಸಲ ಎದ್ದಿತು ಎಂದು ನೋಡಿಕೊಂಡು ಊಟಕ್ಕೆ ಹೋಗುತ್ತಾರೆ. ಮದುವೆಯ ದಿನ ಬಿಟ್ಟರೆ ಒಂದು ದಿನವೂ ರಜ ಹಾಕಿದವನಲ್ಲ. ಸೇತುವೆ ದಾಟಿದ್ದು ತನ್ನ ಮದುವೆಗೆ ಒಂದೇ ಸಲ. ಆಗಲೂ ವಾಲಗದವರಿಗೆ ಹೆದರಿ ಕಿವಿಗೆ ಹತ್ತಿ ತುರುಕಿಕೊಂಡೇ ತಾಳಿ ಕಟ್ಟಿದ. ಹೆಂಡತಿ ಹಾಲಮ್ಮ ಹೊಳೆಯಾಚೆಯ ಹೆಣ್ಣು. ಕೂಗಿದರೆ ನಾಲ್ಕು ಹೊಲದಾಚೆ ಕೇಳಿಸುವ ಕಡೆ ಹುಟ್ಟಿ ಬೆಳೆದವಳು ನಮ್ಮೂರಿಗೆ ಬಂದು ಮೊಳದಳತೆಯ ದನಿಗೆ ಒಗ್ಗಿಕೊಂಡಳು.

ಹಾಲಮ್ಮ ದಿನಾ ಸಂಜೆ ರೊಟ್ಟಿ ಬಡಿಯುವಾಗ ಮೈಕನ್ನು ಕೊರಳಿಗೆ ಹಾಕಿಕೊಂಡು ಹಾಡುತ್ತಿದ್ದಳು. ಮರುಳಪ್ಪ ಪಡಸಾಲೆಯಲ್ಲಿ ಹೆಡ್‌ಫೋನು ಹಾಕಿಕೊಂಡು, ಕಣ್ಣು ಮುಚ್ಚಿ, ತಲೆದೂಗುತ್ತಿದ್ದ. ಅವನ ಡಬ್ಬಿ ಅವರಪ್ಪನ ಕಾಲದ್ದು. ಅದರಲ್ಲಿ ಹಾಡಿಗಿಂತ ಜುಂಯ್ ಎನ್ನುವ ಸದ್ದೇ ಹೆಚ್ಚು. ಜುಂಯ್ ನಡುವೆ ಒಂದು ರಾಗ ತೇಲಿದ ಹಾಗೆ ಆಗುತ್ತಿತ್ತೇ ಹೊರತು ಒಂದು ಪದವೂ ತಿಳಿಯುತ್ತಿರಲಿಲ್ಲ. ಆದರೂ ಹಾಡು ಮುಗಿದ ಮೇಲೆ ಎರಡು ಸಲ ಜಗ್ಗುತ್ತಿದ್ದ. ಒಂದೇ ಸಲ ಜಗ್ಗಿದರೆ ಹಾಡಿದವರಿಗೆ ಬರೀ ಹೂಂ ಅಂದ ಹಾಗಾಗುತ್ತದೆ, ಹೆಂಡತಿಯ ಹಾಡಿಗೆ ಜಿಪುಣತನ ಮಾಡಬಾರದು ಎಂದು ಅವನ ಲೆಕ್ಕ. ಇದು ವರ್ಷಗಟ್ಟಲೆ ನಡೆಯಿತು.

ಹೀಗಿರುವಾಗ ಅಳಿಯ ಹಬ್ಬಕ್ಕೆ ಬಂದವನು ಮಾವನಿಗೆ ಹೊಸ ಹೆಡ್‌ಫೋನು ತಂದುಕೊಟ್ಟ. ತೀರ ದುಬಾರಿಯದೂ ಅಲ್ಲ, ಅಗ್ಗದ್ದೂ ಅಲ್ಲ. ಮಾವನಿಗೆ ಎಷ್ಟು ಕೊಟ್ಟರೆ ಅತ್ತೆಯ ಎದುರು ಮರ್ಯಾದೆಯೋ ಅಷ್ಟರದು. ಕಿವಿ ಪೂರ್ತಿ ಮುಚ್ಚುವ ಮೆತ್ತನೆಯ ದಿಂಬು, ಹೆಣೆದ ವಯರು. ಹಳೆಯದನ್ನು ನಾಚಿಕೆಗೇಡು ಎಂದು ಅಳಿಯ ತಾನೇ ಎತ್ತಿಕೊಂಡು ಹೋಗಿ ಗುಜರಿಗೆ ಹಾಕಿದ. ಸಂಜೆ ಮರುಳಪ್ಪ ಹೊಸದನ್ನು ಅಪ್ಪನ ಡಬ್ಬಿಗೆ ಸಿಕ್ಕಿಸಿ ಕೂತ. ಹಾಡೂ ಇಲ್ಲ, ಜುಂಯ್ ಕೂಡ ಇಲ್ಲ. ಬಾವಿಗೆ ಕಿವಿ ಇಟ್ಟ ಹಾಗೆ. ಅಭ್ಯಾಸಬಲ ಎನ್ನುವುದು ಕೆಟ್ಟದ್ದು. ರೊಟ್ಟಿ ಮುಗಿಯುವ ಹೊತ್ತಾಯಿತು ಎಂದು ಅಂದಾಜು ಮಾಡಿ ಎರಡು ಸಲ ಜಗ್ಗಿದ.

ಜಗ್ಗಿದ ಮರುಕ್ಷಣವೇ ಹಾಲಮ್ಮ ಹಿಟ್ಟಿನ ಕೈಯಲ್ಲೇ ಪಡಸಾಲೆಗೆ ಬಂದಳು. ಹೊಸ ಹೆಡ್‌ಫೋನು ನೋಡಿದಳು, ಗಂಡನ ಮುಖ ನೋಡಿದಳು, ಕಣ್ಣಲ್ಲಿ ನೀರು ತಂದುಕೊಂಡು ನಕ್ಕಳು, ಒಳಗೆ ಹೋಗಿ ಟ್ರಂಕು ಇಳಿಸಿದಳು. ಮಾರನೆಯ ಬೆಳಿಗ್ಗೆ ರೇಷ್ಮೆ ಸೀರೆ ಬಿಸಿಲಿಗೆ ಬಿತ್ತು. ಅವಲಕ್ಕಿ ಹುರಿದಳು. ಕರಿಬೇವಿನ ಕುಂಡವನ್ನು ತಂದು ನನ್ನ ಹೆಂಡತಿಗೆ ಕೊಟ್ಟು, “ಭಾನುವಾರದಿಂದ ನೀರು ಹಾಕ್ಕೊಂಡಿರು” ಎಂದಳು. ಎಲ್ಲಿಗೆ ಹೊರಟಿದ್ದೀಯಾ ಎಂದರೆ, “ಅವರನ್ನೇ ಕೇಳು, ಒಪ್ಪಿರೋರು ಅವರು” ಎಂದು ಹೋದಳು.

ಮರುಳಪ್ಪ ನನ್ನ ಟೈಲರಿಂಗ್ ಅಂಗಡಿಗೆ ಬಂದವನು ನನ್ನ ಕಿವಿಗೆ ಬಾಯಿಟ್ಟ.

“ಕೊಟ್ರ, ನಾನು ಏನಕ್ಕೆ ಒಪ್ಪಿದೀನಿ ನಂಗೇ ಗೊತ್ತಿಲ್ಲ ಕಣೋ.”

“ಹೋಗಿ ಕೇಳು.”

“ಏನಂತ ಕೇಳ್ಲಿ? ಇಷ್ಟು ವರ್ಷ ನಿನ್ನ ಹಾಡು ಒಂದೂ ಕೇಳಿಸಿಲ್ಲ, ಸುಮ್ನೆ ಜಗ್ಗಿದೆ ಅಂತಲಾ? ಟ್ರಂಕು ನೋಡಿದ್ರೆ ತವರಿಗೇ ಹೊರಟಂಗಿದೆ, ಇದನ್ನ ಕೇಳಿದ್ರೆ ತಿರುಗಿ ಬರ್ತಾಳಾ?”

“ಈಗೇನು ಬರ್ತೀನಿ ಅಂದಿದಾಳಾ?”

ಹಾಗೆ ಕೇಳಬಾರದಿತ್ತು. ಅವನ ಮುಖ ಹುಳಿ ಹಿಂಡಿದ ಹಾಲಾಯಿತು. ಕುಂಡ ಕೊಟ್ಟು ಹೋಗುವವರು ಎರಡು ದಿನಕ್ಕೆ ಹೋಗುತ್ತಾರೆಯೇ ಎಂದು ಅವನೂ ಯೋಚಿಸಿದ್ದ. ಅವನಿಗೆ ಉಳಿದದ್ದು ಒಂದೇ ದಾರಿ. ಆ ದಿನ ಸಂಜೆ ಅವಳು ಹಾಡುವ ಹೊತ್ತಿಗೆ, ಪದ ಪದವೂ ಕೇಳಿಸುವ ಡಬ್ಬಿ ಕೊರಳಲ್ಲಿರಬೇಕು. ಹಾಡಿನಲ್ಲಿ ಸುಳಿವು ಸಿಕ್ಕೇ ಸಿಗುತ್ತದೆ. ಮಧ್ಯಾಹ್ನದ ಗಂಟೆ ಹೊಡೆದು ಇಬ್ಬರೂ ಇನಾಯತಣ್ಣನ ಅಂಗಡಿಗೆ ಹೋದೆವು.

ದಾರಿಯಲ್ಲಿ ಸಿಕ್ಕವರಿಗೆಲ್ಲ ಡಬ್ಬಿ ಕೊಳ್ಳಲು ಹೋಗುತ್ತಿದ್ದೇವೆಂದು ತಿಳಿದುಹೋಯಿತು, ನಾನು ಹೇಳಿದೆ. ನಮ್ಮೂರಲ್ಲಿ ಹೆಣ್ಣು ನೋಡಲು ಹೊರಟವನಿಗೂ ಅಷ್ಟು ಬುದ್ಧಿ ಹೇಳುವುದಿಲ್ಲ. ಒಬ್ಬ ಕಿವಿಗೆ ಬಾಯಿಟ್ಟು ಬ್ಯಾಟರಿ ನೋಡು ಎಂದ. ಇನ್ನೊಬ್ಬ ಬ್ಯಾಟರಿ ಹಾಳಾಗಲಿ, ಡಬ್ಬಿ ಬಿಸಿಯಾಗುತ್ತಾ ನೋಡು ಎಂದ. ಬಾಳೆಹಣ್ಣಿನವಳು ಡಬ್ಬಿಗಿಂತ ವಯರು ಮುಖ್ಯ ಎಂದಳು. ಅಂಗಡಿ ಮುಟ್ಟುವಷ್ಟರಲ್ಲಿ ಮರುಳಪ್ಪನ ಎರಡೂ ಕಿವಿ ಬೇರೆಯವರ ಉಗುಳಿನಿಂದ ಒದ್ದೆಯಾಗಿದ್ದವು.

ಇನಾಯತಣ್ಣ ದಪ್ಪ ಮೀಸೆಯ, ನಿಧಾನದ ಮನುಷ್ಯ. ಗಲ್ಲಾದ ಮೇಲೆ ಮೂವರೂ ತಲೆಗೆ ತಲೆ ಕೂಡಿಸಿ ನಿಂತೆವು. ಮೊದಲು ಹೆಡ್‌ಫೋನು ಈಸಿಕೊಂಡು ತಿರುಗಿಸಿ ನೋಡಿದ. ಆಮೇಲೆ ಅಪ್ಪನ ಡಬ್ಬಿಯನ್ನು ನೋಡಿ, ಸತ್ತವರನ್ನು ಕಂಡ ಹಾಗೆ ಟೋಪಿ ಸರಿಮಾಡಿಕೊಂಡ.

“ಮರುಳಪ್ಪನೋರೇ, ಈ ಹೆಡ್‌ಫೋನ್‌ಗೆ ಓಮ್ಸ್ ಜಾಸ್ತಿ. ಅಂದ್ರೆ ಮೈಗಳ್ಳ ಎತ್ತು. ಜೋರಾಗಿ ತಳ್ಳಿದ್ರೇನೇ ಏಳೋದು. ನಿಮ್ಮ ಡಬ್ಬಿ ಪಾಪ ಮುದುಕ, ಅದು ಹೇಗೆ ತಳ್ಳತ್ತೆ? ಇನ್ನೊಂದು ಏನಂದ್ರೆ, ಈಗ ತಂತಿಯಲ್ಲಿ ಮಾತು ಮಾತಾಗಿ ಬರಲ್ಲ, ಅಂಕಿಯಾಗಿ ಬರತ್ತೆ. ಒಳಗೆ ಡ್ಯಾಕ್ ಅಂತ ಒಂದು ಚಿಪ್ಪಿರತ್ತೆ, ಅದು ಅಂಕಿನ ಮತ್ತೆ ಮಾತು ಮಾಡತ್ತೆ. ಹಾಲಿನ ಪುಡಿಗೆ ನೀರು ಬೆರೆಸಿ ಹಾಲು ಮಾಡ್ತೀವಲ್ಲ, ಹಂಗೆ. ನಿಮ್ಮ ಡಬ್ಬಿ ಬೆರೆಸಿದ ಹಾಲಲ್ಲಿ ಗಂಟೇ ಜಾಸ್ತಿ.”

“ಒಳ್ಳೇದು ಒಂದು ಕೊಡಿ” ಎಂದ ಮರುಳಪ್ಪ.

“ಯಾರನ್ನ ಕೇಳೋದಕ್ಕೆ?”

ಇನಾಯತಣ್ಣ ಇದನ್ನು ಕೇಳದೆ ಯಾರಿಗೂ ಡಬ್ಬಿ ಮಾರುವುದಿಲ್ಲ. ಭಾಷಣ ಕೇಳುವವರಿಗೆ ಒಂದು, ಪಾಠ ಕೇಳುವವರಿಗೆ ಒಂದು. ಮರುಳಪ್ಪ ಗೋಡೆಯ ಕಡೆ ನೋಡಿದ. ಇನಾಯತಣ್ಣ ಒತ್ತಾಯ ಮಾಡಲಿಲ್ಲ. ಮೂರು ಡಬ್ಬಿ ತಂದಿಟ್ಟು, ಅಂಗಡಿಯ ಮಹಡಿಯಿಂದ ಇಳಿಬಿದ್ದಿದ್ದ ತಂತಿಯನ್ನು ಎಳೆದುಕೊಂಡ. ಮೇಲೆ ಅವನ ತಾಯಿ ಇರುತ್ತಾರೆ. ಬೆಳಗಾದರೆ ಮೈಕು ಹಿಡಿದು ಮಾತಿಗೆ ಕೂರುವ ಮುದುಕಿ. ಅಂಗಡಿಯಲ್ಲಿ ಡಬ್ಬಿ ಪರೀಕ್ಷೆ ಮಾಡುವುದು ಅಮ್ಮಿಯ ದನಿಯ ಮೇಲೆಯೇ.

ಮೊದಲನೆಯದು ಬೆರಳಿನಷ್ಟೇ ಇತ್ತು, ವಯರಿನ ತುದಿಗೆ ಹಲ್ಲಿಯ ಬಾಲದ ಹಾಗೆ ನೇತಾಡುವಂಥದು. ಅದರಲ್ಲಿ ಅಮ್ಮಿ ದನಿ ಚೊಕ್ಕಟವಾಗಿ ಬಂತು, ಆದರೆ ಪಕ್ಕದೂರಿನಿಂದ ಬಂದ ಹಾಗೆ. “ಇದು ಸಣ್ಣ ಇಯರ್‌ಫೋನ್‌ಗೆ ಸರಿ, ಈ ಎತ್ತಿಗಾಗಲ್ಲ” ಎಂದು ಇನಾಯತಣ್ಣನೇ ತೆಗೆದಿಟ್ಟ. ಎರಡನೆಯದು ಇಟ್ಟಿಗೆ. ಕೊರಳಿಗೆ ಹಾಕಿಕೊಂಡರೆ ತಲೆ ತಾನಾಗಿ ಬಾಗುತ್ತಿತ್ತು. ಎರಡನೆಯ ತೂತಿಗೆ ನಾನೂ ಸಿಕ್ಕಿಸಿಕೊಂಡೆ. ಆಹಾ! ಅಮ್ಮಿ ದನಿ ತುಂಬಿದ ಕೊಡದ ಹಾಗೆ, ಗುಂಡಗೆ, ಬೆಚ್ಚಗೆ, ಮದುವೆ ಮಂಟಪದಲ್ಲಿ ನಿಂತು ನಮ್ಮ ಕುಲವನ್ನೇ ಹರಸುತ್ತಿರುವಂತೆ ಕೇಳಿಸಿತು. ಏನು ಹೇಳುತ್ತಿದ್ದಾರೆಂದು ತಿಳಿಯಲಿಲ್ಲ, ತಿಳಿಯಬೇಕೆಂದೂ ಅನ್ನಿಸಲಿಲ್ಲ. “ಇದೇ ತಗೋ, ತೂಕ ನೋಡು ಹೇಗಿದೆ!” ಎಂದೆ. ನಾನು ತೆಂಗಿನಕಾಯನ್ನೂ ಹಾಗೇ ಕೊಳ್ಳುವವನು.

ಮೂರನೆಯದು ಸೋಪಿನ ಗಾತ್ರದ್ದು, ಬಣ್ಣಗಿಣ್ಣ ಏನಿಲ್ಲ. ಪಕ್ಕದಲ್ಲಿ ದನಿ ಏರಿಸಲು ಇಳಿಸಲು ಒಂದು ಸಣ್ಣ ಸ್ವಿಚ್ಚು. ಇನಾಯತಣ್ಣ ಅದನ್ನು ಮೇಲಕ್ಕೆ ದೂಡಿದ. ನಾನು ಬೆಚ್ಚಿಬಿದ್ದೆ. ಅಮ್ಮಿ ನನ್ನ ಹೆಗಲ ಮೇಲೆ ಕೂತಿದ್ದರು. ಅವರ ಬಳೆ, ಬಾಯಲ್ಲಿದ್ದ ಅಡಕೆಯ ಚೂರು, ಮಾತಿನ ಮುಂಚಿನ ನಿಟ್ಟುಸಿರು, ಎಲ್ಲ ಒಂದೊಂದಾಗಿ ಕೇಳಿಸಿದವು. “ಕಳಿಸಿದ ಬುತ್ತಿ ಹಂಗೇ ವಾಪಸ್ ಬಂತು. ಹೋಟೆಲ್ ಬೋಂಡಾ ತಿಂದಿರ್ತಾನೆ ಕತ್ತೆ. ಇವನ ಅಪ್ಪನೂ ಹಿಂಗೇ. ಇನಾಯತ್, ಜಗ್ಗಬೇಡ, ಸುಮ್ನೆ ಜಗ್ಗಬೇಡ! ಬೋಂಡಾ ತಿಂದ್ಯಾ ಇಲ್ವಾ?”

ಇನಾಯತಣ್ಣನ ಕೊರಳಲ್ಲಿ ನೋಡಿದೆ. ಅವನು ಹಾಕಿಕೊಂಡಿದ್ದುದು ಇಟ್ಟಿಗೆ.

“ನಾನು ವ್ಯಾಪಾರಸ್ಥ ಸ್ವಾಮಿ” ಎಂದ ಮೀಸೆಯ ಅಡಿಯಲ್ಲೇ ನಕ್ಕು. “ದಿನವಿಡೀ ಸತ್ಯ ಕೇಳ್ಕೊಂಡು ಗಲ್ಲಾದ ಮೇಲೆ ಕೂರೋಕಾಗಲ್ಲ. ಈಗಲಾದ್ರೂ ಹೇಳಿ, ಯಾರನ್ನ ಕೇಳೋದಕ್ಕೆ?”

ಮರುಳಪ್ಪ ಅವನ ಕಿವಿಗೆ ಬಗ್ಗಿದ. “ಮನೆಯೋಳನ್ನ.”

ಇನಾಯತಣ್ಣ ಕೊರಳಿಂದ ಇಟ್ಟಿಗೆಯನ್ನು ತೆಗೆದ. ಇಟ್ಟಿಗೆಯನ್ನೂ ಸೋಪನ್ನೂ ಅಕ್ಕಪಕ್ಕ ಇಟ್ಟ. “ಹಂಗಾದ್ರೆ ನಾನು ಒಂದೇ ಕೇಳೋದು. ನಿಮಗೆ ಸುಖವಾಗಿರ್ಬೇಕಾ, ಕೇಳಿಸ್ಬೇಕಾ?”

ಮರುಳಪ್ಪನ ಕೈ ಇಟ್ಟಿಗೆಯ ಮೇಲೆ ಹೋಯಿತು. ಅದನ್ನು ಸವರಿತು. ಅಲ್ಲೇ ಬಹಳ ಹೊತ್ತು ಇತ್ತು. ನನಗೆ ಅವನ ಮೇಲೆ ಪ್ರೀತಿ ಉಕ್ಕಿತು, ಏಕೆಂದರೆ ನಾನಾಗಿದ್ದರೆ ಇಟ್ಟಿಗೆಯನ್ನೇ ತೆಗೆದುಕೊಂಡು ಮನೆಗೆ ಬಂದಿರುತ್ತಿದ್ದೆ. ಅವನು ಸೋಪನ್ನು ಎತ್ತಿಕೊಂಡ.

ಹೊಸ ಡಬ್ಬಿಯಲ್ಲಿ ಮೊದಲ ಸಲ ಕೇಳುವಾಗ ನೆರೆಯವನೊಬ್ಬ ಎರಡನೆಯ ತೂತಿನಲ್ಲಿರಬೇಕು ಎಂಬುದು ನಮ್ಮಲ್ಲಿ ಪದ್ಧತಿ. ಹಾಗಾಗಿ ಆ ಸಂಜೆ ನಾನು ಮರುಳಪ್ಪನ ಪಡಸಾಲೆಯಲ್ಲಿದ್ದೆ. ಪದ್ಧತಿ ಇರದಿದ್ದರೂ ಇರುತ್ತಿದ್ದೆ. ಒಳಗೆ ಹಾಲಮ್ಮ ಹಿಟ್ಟು ನಾದಿದ್ದು ಕೇಳಿಸಿತು. ರೊಟ್ಟಿ ಬಡಿಯುವ ಪಟಪಟ ಕೇಳಿಸಿತು. ಆಮೇಲೆ ಅವಳು ದನಿ ಎತ್ತಿದಳು. ಎಂಥ ದನಿ ಎಂದು ಹೇಗೆ ಹೇಳಲಿ! ಮರುಳಪ್ಪನ ತೆರೆದ ಬಾಯಿ ಮುಚ್ಚಲೇ ಇಲ್ಲ. ನಾವಿಬ್ಬರೂ ಇಷ್ಟು ವರ್ಷ ಆ ದನಿಯ ಪಕ್ಕದಲ್ಲೇ ಅದನ್ನು ಕೇಳದೆ ಬದುಕಿದ್ದೆವಲ್ಲ ಎಂದು ನನಗೆ ಹೊಟ್ಟೆ ಉರಿಯಿತು. ಆಮೇಲೆ ಪದಗಳು ಕಿವಿಗೆ ಬಿದ್ದವು.

“ಸೋರುವ ನಲ್ಲಿಯ ಸಾರಿ ಸಾರಿ ಹೇಳಿದೆ, ನಾರುವ ಟವಲನು ಹಗ್ಗಕೆ ಹಾಕೆಂದೆ, ಆಹಾ ಅಂದಾನ ನನ ರಾಯ.” ಪಟಪಟ, ರೊಟ್ಟಿ ತಿರುಗಿತು. “ಅತ್ತೆಯ ಕಾಲದ ಕಂಚಿನ ಚೊಂಬನು ಮಾರಲೆ ಎಂದರೆ ಎರಡು ಸಲ ಜಗ್ಗಿದ, ವರುಷವೆಲ್ಲ ಹುಡುಕ್ಯಾನ ನನ ರಾಯ.” ಮರುಳಪ್ಪ ನನ್ನನ್ನು ನೋಡಿದ. ಆ ಚೊಂಬಿನ ವಿಷಯಕ್ಕೆ ಅವನು ನನ್ನ ಮೇಲೂ ಒಮ್ಮೆ ಅನುಮಾನ ಪಟ್ಟಿದ್ದ. ಈಗ ಅವನ ಮುಖ ನೋಡಬೇಕಿತ್ತು, ನಾನು ಚೆನ್ನಾಗಿ ನೋಡಿದೆ. ನನ್ನ ಸಂತೋಷ ಮುಂದಿನ ರೊಟ್ಟಿಯವರೆಗೂ ಉಳಿಯಲಿಲ್ಲ. “ಪಕ್ಕದ ಮನೆಯವ ಕಾಫಿಗೆ ಬರುತಾನ, ಕುಡಿದ ಲೋಟವ ಕುರ್ಚಿಯಡಿ ಇಡುತಾನ, ಅವನಿಗ್ಯಾಕೆ ಮನೆಯಿಲ್ಲ ನನ ರಾಯ.” ನನ್ನ ಕುರ್ಚಿಯಡಿ ಆ ಹೊತ್ತಿನ ಲೋಟ ಇತ್ತು. ಕಾಲಿನಿಂದ ಮೆಲ್ಲಗೆ ಈಚೆ ಎಳೆದೆ.

ಕೊನೆಯ ರೊಟ್ಟಿಗೆ ರಾಗ ಬದಲಾಯಿತು. ಬೈಗುಳದ ಉತ್ಸಾಹ ಹೋಗಿ ದನಿ ಮೆತ್ತಗಾಯಿತು. “ಹೊಳೆಯಾಚೆ ಕರೆದೊಯ್ಯಿರಿ, ಗಟ್ಟಿಯಾಗಿ ಹಾಡುವೆನು, ತಂತಿಯಿಲ್ಲದೆ ನೀವು ಕೇಳಬೇಕು. ದಿನದಿನವು ಬೇಡಿದೆ, ದಿನದಿನವು ಜಗ್ಗಿದಿರಿ, ಕಿವಿಯಿಲ್ಲದವನ ಹೂಂ ನನಗ್ಯಾಕೆ. ಹೊಸ ಹೆಡ್‌ಫೋನು ಹಾಕಿ ನಿನ್ನೆ ಜಗ್ಗ್ಯಾನ ನನ ರಾಯ, ಕೇಳಿ ಒಪ್ಪ್ಯಾನ, ಭಾನುವಾರ ಬರತಾನ.”

ಹಾಡು ನಿಂತಿತು. ತಂತಿಯ ಆ ತುದಿಯಲ್ಲಿ ಹಾಲಮ್ಮ ಕಾಯುತ್ತಿರುವುದು, ಅವಳ ಉಸಿರು, ನನಗೂ ಕೇಳಿಸುತ್ತಿತ್ತು. ಮರುಳಪ್ಪ ಎರಡು ಸಲ ಜಗ್ಗಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಹಿಂದಿನ ದಿನ ಏನೂ ಕೇಳಿಸದ ಗುಟ್ಟು ರಟ್ಟಾಗುತ್ತಿರಲಿಲ್ಲ, ಭಾನುವಾರ ಹೋಗಿ ಬಂದರೆ ಸಾಕಿತ್ತು. ನಾನು ಕೈಸನ್ನೆ ಮಾಡಿದೆ, ಜಗ್ಗು, ಜಗ್ಗು ಮಾರಾಯ! ಅವನು ತಂತಿ ಮುಟ್ಟಲಿಲ್ಲ. ಹೆಡ್‌ಫೋನು ತೆಗೆದು ನನ್ನ ತೊಡೆಯ ಮೇಲಿಟ್ಟು ಅಡುಗೆಮನೆಗೆ ನಡೆದ.

ನಾನು ಆಗ ನನ್ನ ಹೆಡ್‌ಫೋನು ತೆಗೆದು ಎದ್ದು ಬರಬೇಕಿತ್ತು. ಬರಲಿಲ್ಲ. ಹಾಲಮ್ಮನ ಕೊರಳಲ್ಲಿ ಮೈಕು ಹಾಗೇ ಇತ್ತು. ಅವನು ಅವಳ ಕಿವಿಗೆ ಬಗ್ಗಿದ್ದು ನನ್ನ ಕಿವಿಗೇ ಬಗ್ಗಿದ ಹಾಗಾಯಿತು.

“ಹಾಲಿ, ನಿನ್ನೆ ನಂಗೆ ಏನೂ ಕೇಳಿಸ್ಲಿಲ್ಲ. ನಿನ್ನೆ ಒಂದೇ ಅಲ್ಲ. ಯಾವತ್ತೂ ಪದ ಕೇಳಿಸಿಲ್ಲ. ಸುಮ್ನೆ ಜಗ್ತಿದ್ದೆ.”

ಹೆಂಚು ಇಳಿಸಿದ ಸದ್ದು ಬಂತು.

“ಗೊತ್ತು ರೀ.”

“ಗೊತ್ತಾ?”

“ಕೇಳಿಸಿದ್ರೆ ಆ ಹಾಡಿಗೆ ಯಾವ ಗಂಡಸು ತಲೆದೂಗ್ತಾನೆ? ಅದಕ್ಕೇ ಬಾಯಿಗೆ ಬಂದದ್ದೆಲ್ಲ ಹಾಡ್ತಿದ್ದೆ. ಬೈದ ಸಮಾಧಾನ ನಂಗೆ, ಹಾಡು ಕೇಳಿದ ಸಮಾಧಾನ ನಿಮಗೆ.” ಅವಳು ನಗಲು ಹೋದಳು, ಆಗಲಿಲ್ಲ. “ನಿನ್ನೆ ಒಂದಿನ ಕೇಳಿಸ್ತು ಅಂದ್ಕೊಂಡೆ. ಸೀರೆ ಬೇರೆ ಬಿಸಿಲಿಗೆ ಹಾಕಿದೆ. ನೋಡಿ, ನನ್ನ ಹಣೆಬರಹ.”

“ಇವತ್ತು ಕೇಳಿಸ್ತು.”

“ಎಷ್ಟು?”

“ನಲ್ಲಿ. ಟವಲು. ಚೊಂಬು. ಕೊಟ್ರನ ಲೋಟ.”

“ಅಯ್ಯೋ ದೇವ್ರೇ! ಇವತ್ತೂ ಅಭ್ಯಾಸಬಲದಲ್ಲಿ ಹಾಡ್ಬಿಟ್ನಲ್ಲ!”

“ಭಾನುವಾರ ಹೋಗಣ. ಒಬ್ಳೇ ಎಷ್ಟೋ ಸಲ ತವರಿಗೆ ಹೋಗಿದ್ಯಲ್ಲ, ಅಲ್ಲೇ ಯಾಕೆ ಹಾಡ್ಕೊಂಡು ಬರ್ಲಿಲ್ಲ ನೀನು?”

“ಹಾಡ್ದೆ. ಊರೆಲ್ಲ ಕೇಳ್ತು. ಕೇಳ್ಬೇಕಾದವರು ಇಲ್ಲಿ ಗಂಟೆ ಹೊಡ್ಕೊಂಡು ನಿಂತಿದ್ರು.”

ಅಷ್ಟಕ್ಕೆ ನನ್ನ ಕಣ್ಣು ಮಂಜಾಯಿತು. ಒರೆಸಿಕೊಳ್ಳುತ್ತಿದ್ದಾಗ ಹಾಲಮ್ಮನ ದನಿ ಮತ್ತೆ ಗಟ್ಟಿಯಾಯಿತು. “ರೀ, ಆ ಡಬ್ಬಿಗೆ ಸ್ವಿಚ್ಚು ಇದೆಯಲ್ಲ, ಬೈಯೋ ದಿನ ಅದನ್ನ ಕೆಳಗೆ ಹಾಕ್ಕೊಳ್ಳಿ. ಇಲ್ದಿದ್ರೆ ನಾನು ಯಾರಿಗೆ ಹಾಡ್ಲಿ? ಮತ್ತೆ ಕೊಟ್ರೇಶಿ, ಲೋಟ ತೊಳೆದಿಟ್ಟು ಹೋಗಪ್ಪ.” ನಾನು ತೊಳೆದಿಟ್ಟೇ ಬಂದೆ.

ಭಾನುವಾರ ಮಧ್ಯಾಹ್ನದ ಗಂಟೆ ನನ್ನ ಪಾಲಿಗೆ ಬಂತು. ಮರುಳಪ್ಪ ಮೂರು ಸಲ ತೋರಿಸಿಕೊಟ್ಟ, ಕೈ ಪೂರ್ತಿ ಎತ್ತಬೇಕು, ಕೆಳಗಿನವರಿಗೆ ಕಾಣಬೇಕು. ಕಂಬ ಹತ್ತಿ ಸುತ್ತಿಗೆ ಹಿಡಿದು ನಿಂತೆ. ಕೆಳಗೆ ಬೀದಿಯಲ್ಲಿ ಜನ ಕತ್ತೆತ್ತಿ ನೋಡುತ್ತಿದ್ದರು. ಅಲ್ಲಿಂದ ಹೊಳೆ ಕಾಣುತ್ತದೆ, ಸೇತುವೆ ಕಾಣುತ್ತದೆ. ಅವರಿಬ್ಬರೂ ಸೇತುವೆಯ ಮೇಲೆ ಹೋಗುತ್ತಿದ್ದರು, ಅವಳು ಮುಂದೆ, ಅವನು ಹಿಂದೆ. ಆಚೆ ದಡ ಮುಟ್ಟುತ್ತಿದ್ದಂತೆ ಅವನು ಹೆದರಿ ಎರಡೂ ಕಿವಿ ಮುಚ್ಚಿಕೊಂಡ. ಅವಳು ಅವನ ಕೈಗಳನ್ನು ಹಿಡಿದು ಇಳಿಸಿದಳು. ಆಮೇಲೆ ಹತ್ತು ಹೆಜ್ಜೆ ದೂರ ಹೋಗಿ ತಿರುಗಿ ನಿಂತಳು. ನಮ್ಮೂರಲ್ಲಾಗಿದ್ದರೆ ಅಷ್ಟು ದೂರದಿಂದ ಯಾರೂ ಯಾರಿಗೂ ಏನೂ ಹೇಳುವುದಿಲ್ಲ.

ಅವಳು ಬಾಯಿ ತೆರೆದದ್ದು ಕಂಡಿತು. ನನಗೆ ಏನೂ ಕೇಳಿಸಲಿಲ್ಲ, ಕೇಳಿಸುವಂತೆಯೂ ಇರಲಿಲ್ಲ. ಆಚೆ ದಡದ ಹುಣಸೆಮರದಿಂದ ಹಕ್ಕಿಗಳೆಲ್ಲ ಒಟ್ಟಿಗೆ ಎದ್ದವು. ದಾರಿಯಲ್ಲಿ ಹೋಗುತ್ತಿದ್ದವನೊಬ್ಬ ಸೈಕಲ್ ಇಳಿದು ನಿಂತ. ಮರುಳಪ್ಪ ಕದಲದೆ ಬಹಳ ಹೊತ್ತು ನಿಂತಿದ್ದ. ಅವಳು ಬಾಯಿ ಮುಚ್ಚಿದ ಮೇಲೆ ಅವನ ಬಲಗೈ ಮೆಲ್ಲಗೆ ಮೇಲೆದ್ದು, ಅಲ್ಲಿ ತಂತಿಯೇ ಇಲ್ಲದ ಗಾಳಿಯನ್ನು ಹಿಡಿದು, ಎರಡು ಸಲ ಜಗ್ಗಿತು.

ಆ ದಿನ ನಮ್ಮೂರಲ್ಲಿ ಹನ್ನೆರಡು ಗಂಟೆ ಬಹಳ ತಡವಾಗಿ ಆಯಿತು.